ಆಫೀಸಿನಲ್ಲಿ ಸಹೋದ್ಯೋಗಿಗೆ ಹೃದಯಾಘಾತವಾದರೆ: ಮೊದಲ ನಿಮಿಷದಿಂದ ಆಸ್ಪತ್ರೆ ಸೇರುವವರೆಗೆ

ಹೃದಯಾಘಾತ ಆಗುತ್ತಿರುವಾಗ ಬಹಳಷ್ಟು ಜನ ಮೊದಲು ಹೇಳುವ ಮಾತು, “ಏನಿಲ್ಲ ಬಿಡಿ, ಗ್ಯಾಸ್ಟ್ರಿಕ್ ಇರ್ಬೇಕು.” ಸುತ್ತ ಇರುವವರೂ ಹೌದೇನೋ ಅಂದುಕೊಳ್ಳುತ್ತಾರೆ. ಒಬ್ಬರು ಈನೋ ತರುತ್ತಾರೆ, ಇನ್ನೊಬ್ಬರು ಬಿಸಿನೀರು ಕೊಡುತ್ತಾರೆ. ಸ್ವಲ್ಪ ಹೊತ್ತು ನೋಡೋಣ ಅಂತ ಮೀಟಿಂಗ್ ರೂಮಿನಲ್ಲಿ ಮಲಗಿಸುತ್ತಾರೆ. ನೋಡುನೋಡುತ್ತಾ ಮುಕ್ಕಾಲು ಗಂಟೆ ಹೋಗಿಬಿಟ್ಟಿರುತ್ತದೆ.

ಆ ಮುಕ್ಕಾಲು ಗಂಟೆ ಉಳಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ರಕ್ತನಾಳ ತೆರೆಯುವ ಕೆಲಸ ಡಾಕ್ಟರದ್ದು. ಆದರೆ “ಈಗಲೇ ಹೊರಡಬೇಕು” ಅನ್ನುವ ತೀರ್ಮಾನ ಪಕ್ಕದ ಸೀಟಿನವರದ್ದು. ನೋವಿನಲ್ಲಿ ಇರುವವರಿಗೆ ಭಯ ಇರುತ್ತದೆ, ಮುಜುಗರ ಇರುತ್ತದೆ, ಖರ್ಚಿನ ಯೋಚನೆ ಇರುತ್ತದೆ. ಅವರೇ ನಿರ್ಧರಿಸಲಿ ಅಂತ ಕಾಯಬಾರದು.

ಒಳಗೆ ಏನಾಗುತ್ತಿರುತ್ತದೆ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತಿರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಆ ನಾಳವನ್ನು ನಂಬಿಕೊಂಡ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಇದು ಹೃದಯಾಘಾತ. ಈ ಹಂತದಲ್ಲಿ ಮನುಷ್ಯ ಮಾತಾಡುತ್ತಿರುತ್ತಾನೆ, ಕೆಲವೊಮ್ಮೆ ನಡೆದಾಡುತ್ತಲೂ ಇರುತ್ತಾನೆ.

ಹೃದಯಸ್ತಂಭನ ಬೇರೆ. ಅಲ್ಲಿ ಹೃದಯದ ಬಡಿತವೇ ಕೆಟ್ಟು ರಕ್ತ ಹರಿಯುವುದು ನಿಲ್ಲುತ್ತದೆ. ಮನುಷ್ಯ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ. ಹೃದಯಾಘಾತ ಯಾವ ಕ್ಷಣದಲ್ಲಾದರೂ ಹೃದಯಸ್ತಂಭನಕ್ಕೆ ತಿರುಗಬಹುದು. ಅದಕ್ಕೇ ಎದೆನೋವು ಅಂದವರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಮಾತಾಡುತ್ತಿರುವವರಿಗೆ ಎದೆ ಒತ್ತಬಾರದು, ಬಿದ್ದು ಉಸಿರು ನಿಂತವರಿಗೆ ಮಾತ್ರೆ ಹುಡುಕುತ್ತಾ ಕೂರಬಾರದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದ ಗೊಂದಲ ಅರ್ಧ ಕಡಿಮೆ.

ಗುರುತಿಸುವುದು ಹೇಗೆ

ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಧಡಕ್ಕನೆ ಬೀಳುವುದು ಎಲ್ಲರಿಗೂ ಆಗುವುದಿಲ್ಲ. ಹೆಚ್ಚಿನವರು ನೋವು ಅನ್ನುವುದಕ್ಕಿಂತ “ಎದೆ ಮೇಲೆ ಏನೋ ಭಾರ”, “ಹಿಂಡಿದ ಹಾಗೆ”, “ಉರಿ” ಅನ್ನುತ್ತಾರೆ. ಬೆರಳು ತೋರಿಸಿ ಇಲ್ಲೇ ಅನ್ನುವುದಕ್ಕಿಂತ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು ತೋರಿಸುವುದು ಸಾಮಾನ್ಯ. ನೋವು ಎಡಗೈಗೆ, ಕೆಲವೊಮ್ಮೆ ಎರಡೂ ಕೈಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದು. ಹಲ್ಲುನೋವು ಅಂದುಕೊಂಡು ದಂತವೈದ್ಯರ ಹತ್ತಿರ ಹೋದವರೂ ಇದ್ದಾರೆ.

ನಾನು ಎಲ್ಲಕ್ಕಿಂತ ಜಾಸ್ತಿ ಮಹತ್ವ ಕೊಡುವುದು ಬೆವರಿಗೆ. ಎಸಿ ಇರುವ ಕೋಣೆಯಲ್ಲಿ ಕೂತವರ ಹಣೆ ಮೇಲೆ ತಣ್ಣನೆಯ ಬೆವರು ಹನಿಗಟ್ಟುತ್ತಿದೆ, ಮುಖ ಬಿಳಿಚಿಕೊಂಡಿದೆ, ಅಂಗಿಯ ಬೆನ್ನು ಒದ್ದೆಯಾಗಿದೆ, ಮುಟ್ಟಿದರೆ ಮೈ ತಣ್ಣಗಿದೆ. ಎದೆಯ ತೊಂದರೆ ಜೊತೆ ಇದು ಕಂಡರೆ ಇನ್ನೇನೂ ಯೋಚಿಸಬೇಡಿ. ಉಸಿರು ಕಟ್ಟುವುದು, ವಾಕರಿಕೆ, ತಲೆ ಹಗುರಾಗುವುದು, ಏನೋ ಕೆಟ್ಟದ್ದಾಗುತ್ತಿದೆ ಅನ್ನುವ ವಿವರಿಸಲಾಗದ ಭಯ, ಇವೂ ಜೊತೆಗಿರಬಹುದು.

ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದಿರಬಹುದು. ಬರೀ ಏದುಸಿರು, ವಿಪರೀತ ಸುಸ್ತು, ಬೆನ್ನುನೋವು, ವಾಂತಿ. “ಬೆಳಿಗ್ಗೆಯಿಂದ ಯಾಕೋ ಮೈಯಲ್ಲಿ ಶಕ್ತಿನೇ ಇಲ್ಲ ಕಣೇ” ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟ ಸಹೋದ್ಯೋಗಿಗೆ “ರೆಸ್ಟ್ ತಗೋ, ಸರಿ ಹೋಗುತ್ತೆ” ಅಂದು ಮುಂದೆ ಹೋಗಬೇಡಿ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಇಳಿದಾಗಲೂ ಬೆವರುತ್ತಾರೆ. ಗ್ಲೂಕೋಮೀಟರ್ ಇದ್ದರೆ ಚೆಕ್ ಮಾಡಿ, ಆದರೆ ಅದಕ್ಕೋಸ್ಕರ 108ಕ್ಕೆ ಫೋನ್ ಮಾಡುವುದು ತಡವಾಗಬಾರದು.

ವಯಸ್ಸು ನೋಡಿ ತಳ್ಳಿಹಾಕುವುದೂ ತಪ್ಪು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ವ್ಯಾಯಾಮ ತಪ್ಪಿಸದ ಮನುಷ್ಯ. ಭಾರತೀಯರಿಗೆ ಹೃದಯದ ಕಾಯಿಲೆ ಪಾಶ್ಚಾತ್ಯರಿಗಿಂತ ಮೊದಲೇ ಬರುತ್ತದೆ ಎಂದು ಹೃದ್ರೋಗ ತಜ್ಞರು ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಮೂವತ್ತರ ಹುಡುಗ, ಇವನಿಗೆಲ್ಲಿ ಹೃದಯಾಘಾತ ಅನ್ನುವ ಮಾತನ್ನು ಆಫೀಸುಗಳಲ್ಲಿ ಬಿಡಬೇಕು.

ಗ್ಯಾಸ್ಟ್ರಿಕ್ಕೋ ಹೃದಯವೋ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ಡಾಕ್ಟರಿಗೂ ಇಸಿಜಿ ಬೇಕು. ಈನೋ ಕುಡಿದು ತೇಗು ಬಂತು, ಸ್ವಲ್ಪ ಹಗುರಾಯಿತು ಅಂದಮಾತ್ರಕ್ಕೆ ಹೃದಯ ಸರಿಯಿದೆ ಎಂದು ಅರ್ಥವಲ್ಲ. ನಾನು ಹೇಳುವ ನಿಯಮ ಸರಳ. ಎದೆಯ ಭಾರ ಕೂತು ಸುಧಾರಿಸಿಕೊಂಡರೂ ಐದು ನಿಮಿಷದಲ್ಲಿ ಹೋಗದಿದ್ದರೆ ಅದು ಹೃದಯಾಘಾತ ಅಂತಲೇ ಹೊರಡಿ. ಜೊತೆಗೆ ಬೆವರು, ಏದುಸಿರು ಇದ್ದರೆ ಆ ಐದು ನಿಮಿಷವನ್ನೂ ಕಾಯಬೇಡಿ.

ಹಂತ 1: “ಬೇಡ” ಅಂದರೂ ಬಿಡಬೇಡಿ

ಇದೇ ಕಷ್ಟದ ಹಂತ. ತಿಂಗಳ ಕೊನೆ, ಅಕೌಂಟ್ಸ್ ಸೆಕ್ಷನ್ ಅಂದುಕೊಳ್ಳಿ. ಸೀನಿಯರ್ ಒಬ್ಬರು ಕನ್ನಡಕ ತೆಗೆದಿಟ್ಟು ಎದೆ ಉಜ್ಜಿಕೊಳ್ಳುತ್ತಿದ್ದಾರೆ.

“ಸರ್, ಏನಾಯ್ತು?”

“ಏನಿಲ್ಲಮ್ಮ, ಬೆಳಿಗ್ಗೆ ಪೂರಿ ತಿಂದೆ. ಗ್ಯಾಸ್ ಆಗಿದೆ.”

“ಎಷ್ಟು ಹೊತ್ತಿಂದ ಸರ್?”

“ಹತ್ತೂವರೆಯಿಂದ ಇದೆ. ನೀನು ಕೆಲಸ ನೋಡ್ಕೋ. ಸಂಜೆ ಹೋಗ್ತಾ ಡಾಕ್ಟರ್‌ಗೆ ತೋರಿಸ್ತೀನಿ.”

ಇಲ್ಲಿ “ಆಸ್ಪತ್ರೆಗೆ ಹೋಗೋಣ್ವಾ ಸರ್?” ಅಂತ ಕೇಳಿದರೆ ಉತ್ತರ ಗ್ಯಾರಂಟಿ ಬೇಡ ಎಂದೇ. ಅದರ ಬದಲು, “ಸರ್, ಗ್ಯಾಸ್ ಇರಬಹುದು. ಆದರೂ ಒಂದು ಇಸಿಜಿ ಮಾಡಿಸಿಬಿಡೋಣ. ಹತ್ತು ನಿಮಿಷದ ಕೆಲಸ. ನಾನು ಫೋನ್ ಮಾಡ್ತಿದೀನಿ, ನೀವು ಎದ್ದು ಓಡಾಡಬೇಡಿ” ಅನ್ನಿ. ಹೇಳುತ್ತಲೇ ಫೋನ್ ಕೈಗೆತ್ತಿಕೊಳ್ಳಿ. ಅವರ ಜೊತೆ ವಾದ ಬೇಡ, ಹೃದಯಾಘಾತ ಅನ್ನುವ ಪದವನ್ನು ಅವರ ಮುಂದೆ ಜೋರಾಗಿ ಹೇಳುವುದೂ ಬೇಡ. ಹಟ ಮಾಡಿದರೆ ಅವರು ಗೌರವ ಕೊಡುವ ಒಬ್ಬರನ್ನು ಕರೆಸಿ, ಮ್ಯಾನೇಜರ್ ಇರಬಹುದು, ಹಳೆಯ ಸ್ನೇಹಿತ ಇರಬಹುದು. ಕಡೆಗೆ ಗ್ಯಾಸ್ಟ್ರಿಕ್ ಎಂದೇ ಗೊತ್ತಾದರೆ ಸಂತೋಷ. ಹೋಗಿದ್ದು ಒಂದು ಮಧ್ಯಾಹ್ನ ಮಾತ್ರ.

ಇನ್ನೊಂದು ವಿಷಯ ಮರೆಯಬಾರದು. ವಾಂತಿ ಬರುವ ಹಾಗಿದೆ, ಮುಖ ತೊಳೆದು ಬರ್ತೀನಿ ಅಂತ ಅವರು ಟಾಯ್ಲೆಟ್‌ಗೆ ಎದ್ದರೆ ಕಳಿಸಬೇಡಿ. ಒಳಗಿನಿಂದ ಚಿಲಕ ಹಾಕಿಕೊಂಡು ಅಲ್ಲೇ ಕುಸಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಕಸದ ಡಬ್ಬಿಯನ್ನೋ ಬಕೆಟ್ಟನ್ನೋ ಅವರ ಹತ್ತಿರವೇ ತಂದಿಡಿ.

ಹಂತ 2: ಕೂರಿಸಿ

ಬೆನ್ನಿಗೆ ಆಸರೆ ಕೊಟ್ಟು ಅರ್ಧ ಒರಗಿದ ಹಾಗೆ ಕೂರಿಸಿ, ಮೊಣಕಾಲು ಮಡಚಿರಲಿ. ನೆಲದ ಮೇಲೆ ಗೋಡೆಗೆ ಒರಗಿ ಕೂತರೆ ಇನ್ನೂ ಒಳ್ಳೆಯದು. ಎಚ್ಚರ ತಪ್ಪಿದರೂ ಕುರ್ಚಿಯಿಂದ ಬೀಳುವ ಭಯ ಇರುವುದಿಲ್ಲ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವುದು) ಬೇಕಾದರೆ ಅಲ್ಲೇ ಮಲಗಿಸಬಹುದು. ಟೈ, ಐಡಿ ಕಾರ್ಡಿನ ದಾರ, ಮೇಲಿನ ಗುಂಡಿ, ಬೆಲ್ಟ್ ಸಡಿಲ ಮಾಡಿ. ಕಿಟಕಿ ತೆಗೆಯಿರಿ. ಸುತ್ತ ನಿಂತ ಗುಂಪನ್ನು ಮೃದುವಾಗಿ ಚದುರಿಸಿ. ವಿಡಿಯೋ ಮಾಡುವವರನ್ನು ಮಾತ್ರ ಗಟ್ಟಿಯಾಗಿಯೇ ತಡೆಯಿರಿ.

ಊಟ, ಕಾಫಿ, ಸೋಡಾ, ನಿಂಬೆ ಶರಬತ್ತು ಏನೂ ಬೇಡ. ಮೆಟ್ಟಿಲು ಇಳಿಸಬೇಡಿ, ಒಂದು ಮಹಡಿ ಆದರೂ ಸರಿ. ಅವರು ಹಾಕುವ ಪ್ರತಿ ಹೆಜ್ಜೆಗೂ ಹೃದಯ ಹೆಚ್ಚು ದುಡಿಯಬೇಕು, ರಕ್ತವಿಲ್ಲದ ಸ್ನಾಯುವಿಗೆ ಅದೇ ಪೆಟ್ಟು. ವೀಲ್‌ಚೇರ್ ಇಲ್ಲದಿದ್ದರೆ ಚಕ್ರದ ಆಫೀಸ್ ಕುರ್ಚಿಯಲ್ಲೇ ಕೂರಿಸಿ, ಇಬ್ಬರು ಹಿಡಿದು ಲಿಫ್ಟಿನವರೆಗೆ ತಳ್ಳಿಕೊಂಡು ಹೋಗಬಹುದು.

ಹಂತ 3: 108

ಕರ್ನಾಟಕದಲ್ಲಿ 2008ರಿಂದ ಆರೋಗ್ಯ ಕವಚದ 108 ಸೇವೆ ಇದೆ. 112ಕ್ಕೆ ಮಾಡಿದರೂ ಆಗುತ್ತದೆ. ಕೆಲಸ ಹಂಚುವಾಗ ಹೆಸರು ಹಿಡಿದು ಹೇಳಿ. “ಯಾರಾದರೂ ಫೋನ್ ಮಾಡಿ” ಅಂದರೆ ಎಲ್ಲರೂ ಇನ್ನೊಬ್ಬರು ಮಾಡಿರುತ್ತಾರೆ ಅಂದುಕೊಳ್ಳುತ್ತಾರೆ. “ಮಂಜು, ನೀನು 108ಕ್ಕೆ ಮಾಡು, ಸ್ಪೀಕರ್‌ನಲ್ಲಿಡು. ಲತಾ, ಎಇಡಿ ಮತ್ತೆ ಫಸ್ಟ್ ಏಡ್ ಬಾಕ್ಸ್ ತಗೊಂಡ್ಬಾ. ಇಮ್ರಾನ್, ಗೇಟಿಗೆ ಹೋಗಿ ಸೆಕ್ಯುರಿಟಿಗೆ ಹೇಳು, ಆಂಬ್ಯುಲೆನ್ಸ್ ಬಂದ ತಕ್ಷಣ ಒಳಗೆ ಬಿಡಬೇಕು, ಎಂಟ್ರಿ ಬರೆಸೋದು ಬೇಡ.” ಹೀಗೆ. ಎಇಡಿ ಅಂದರೆ ಬಡಿತ ಕೆಟ್ಟ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಸಣ್ಣ ಯಂತ್ರ.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: “ಎದೆನೋವು, ಹೃದಯಾಘಾತ ಇರಬಹುದು. ಗಂಡಸು, ಸುಮಾರು ಐವತ್ತು ವರ್ಷ. ಎಚ್ಚರ ಇದ್ದಾರೆ, ಮಾತಾಡ್ತಿದ್ದಾರೆ, ತುಂಬಾ ಬೆವರ್ತಿದ್ದಾರೆ. ಹತ್ತೂವರೆಗೆ ಶುರುವಾಯ್ತು.” ಆಮೇಲೆ ವಿಳಾಸ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಪಾರ್ಕಿನ ಹೆಸರು ಹೇಳಿದರೆ ಸಾಲದು. ಒಳಗೆ ಹತ್ತು ಟವರ್ ಇರುತ್ತವೆ, ಮೂರು ಗೇಟ್ ಇರುತ್ತವೆ. ಯಾವ ಗೇಟ್, ಯಾವ ಟವರ್, ಎಷ್ಟನೇ ಮಹಡಿ, ಹತ್ತಿರದ ಗುರುತು ಏನು ಅಂತ ಹೇಳಿ. ಪೀಣ್ಯದಂಥ ಕಡೆ ಹಂತ, ಕ್ರಾಸ್ ಎರಡೂ ಬೇಕು. ಆ ಕಡೆಯವರು ಸಾಕು ಅನ್ನುವ ತನಕ ಫೋನ್ ಇಡಬೇಡಿ. ಎಷ್ಟು ನಿಮಿಷದಲ್ಲಿ ಬರುತ್ತೀರಿ ಎಂದು ಕೇಳಿ.

ಈ ಮಧ್ಯೆ ಒಂದು ಲಿಫ್ಟನ್ನು ನಿಮ್ಮ ಮಹಡಿಯಲ್ಲೇ ಹಿಡಿದಿಡಿ. ಸ್ಟ್ರೆಚರ್ ಹಿಡಿಸದ ಸಣ್ಣ ಲಿಫ್ಟುಗಳು ಬಹಳ ಕಟ್ಟಡಗಳಲ್ಲಿವೆ, ಸರ್ವಿಸ್ ಲಿಫ್ಟ್ ದೊಡ್ಡದಿದ್ದರೆ ಅದನ್ನೇ ಬಳಸಿ.

ಹಂತ 4: ಮಾತ್ರೆ ವಿಚಾರ

ಎಚ್ಚರ ಇರುವ, ನುಂಗಲು ಆಗುವ ವ್ಯಕ್ತಿಗೆ ಆಸ್ಪಿರಿನ್ ಕೊಡುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದು ಹೆಪ್ಪು ಇನ್ನೂ ಬೆಳೆಯುವುದನ್ನು ತಡೆಯುತ್ತದೆ. ಪ್ರಮಾಣ ಸುಮಾರು 300 ರಿಂದ 325 ಮಿ.ಗ್ರಾಂ. ನುಂಗುವುದಲ್ಲ, ಚೆನ್ನಾಗಿ ಜಗಿಯಬೇಕು, ಆಗ ಬೇಗ ರಕ್ತಕ್ಕೆ ಸೇರುತ್ತದೆ. ಡಿಸ್ಪ್ರಿನ್ ಸಿಕ್ಕರೆ ಒಂದು. ಇಕೋಸ್ಪ್ರಿನ್ 75 ಮಾತ್ರ ಇದ್ದರೆ ನಾಲ್ಕು, ಅದನ್ನಂತೂ ಜಗಿದೇ ತಿನ್ನಬೇಕು. ಕರಗುವುದು ತಡವಾಗಲಿ ಎಂದೇ ಅದರ ಮೇಲೆ ಲೇಪನ ಇರುತ್ತದೆ.

ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಆಸ್ಪಿರಿನ್ ಅಲರ್ಜಿ ಇದೆಯಾ, ಅದನ್ನು ತಗೊಂಡಾಗ ಉಬ್ಬಸ ಬರುತ್ತಾ? ಇತ್ತೀಚೆಗೆ ಹೊಟ್ಟೆಯಲ್ಲೋ ಮೆದುಳಲ್ಲೋ ರಕ್ತಸ್ರಾವ ಆಗಿತ್ತಾ? ರಕ್ತ ತೆಳುವಾಗಿಸುವ ಮಾತ್ರೆ ನಡೀತಿದೆಯಾ? ಒಂದಕ್ಕೆ ಹೌದು ಅಂದರೂ, ಇಲ್ಲವೇ ನಿಮಗೇ ಅನುಮಾನ ಇದ್ದರೂ, ಸುಮ್ನೆ ಕೊಡಬೇಡಿ. 108ರವರನ್ನೋ ಡಾಕ್ಟರನ್ನೋ ಕೇಳಿ. ಮಾತು ತೊದಲುತ್ತಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು, ಆಗ ಆಸ್ಪಿರಿನ್ ಬೇಡವೇ ಬೇಡ. ಮಾತ್ರೆ ತರಲು ಮೆಡಿಕಲ್ ಶಾಪಿಗೆ ಒಬ್ಬರು ಓಡಲಿ, ಆದರೆ ಅವರು ಬರುವ ತನಕ ಯಾರೂ ಕಾಯಬಾರದು.

ಆಫೀಸಿನ ಫಸ್ಟ್ ಏಡ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವುದು ಡೋಲೋ 650. ಅದು ಪ್ಯಾರಾಸಿಟಮಾಲ್, ಹೃದಯಾಘಾತಕ್ಕೆ ಏನೂ ಮಾಡುವುದಿಲ್ಲ. ಕಾಂಬಿಫ್ಲಾಮ್, ಬ್ರೂಫೆನ್ ಥರದ ನೋವಿನ ಮಾತ್ರೆಗಳನ್ನು ಕೊಡಲೇಬಾರದು.

ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. “ಜೇಬಿನಲ್ಲಿಟ್ಟುಕೊಳ್ಳಿ, ಜೀವ ಉಳಿಸುತ್ತೆ” ಅನ್ನುವ ವಾಟ್ಸಾಪ್ ಮೆಸೇಜುಗಳು ಎಲ್ಲ ಗುಂಪಿನಲ್ಲೂ ಓಡಾಡುತ್ತಿವೆ. ಆ ಮಾತ್ರೆ ರಕ್ತದೊತ್ತಡ ಇಳಿಸುತ್ತದೆ. ಹೃದಯಾಘಾತದಲ್ಲಿ ಬಿಪಿ ಮೊದಲೇ ಇಳಿದಿದ್ದರೆ ಇನ್ನೂ ಕುಸಿದು ಅಪಾಯವಾಗುತ್ತದೆ. ವಯಾಗ್ರ ಜಾತಿಯ ಮಾತ್ರೆ ತೆಗೆದುಕೊಂಡವರಿಗೆ ಅಂತೂ ಪ್ರಾಣಕ್ಕೇ ಕುತ್ತು, ಮತ್ತು ಆ ವಿಷಯ ಸಹೋದ್ಯೋಗಿಗಳ ಮುಂದೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಡಾಕ್ಟರೇ ಅವರಿಗೆಂದು ಬರೆದುಕೊಟ್ಟಿದ್ದು ಅವರ ಬ್ಯಾಗಿನಲ್ಲಿದ್ದರೆ, ಡಾಕ್ಟರು ಹೇಳಿದ ಹಾಗೆ ಅವರೇ ಕೂತುಕೊಂಡು ಇಟ್ಟುಕೊಳ್ಳಲಿ. ಪಕ್ಕದವರ ಮಾತ್ರೆ ಬೇಡ.

ಜೋರಾಗಿ ಕೆಮ್ಮುತ್ತಿದ್ದರೆ ಹೃದಯ ನಡೆಯುತ್ತದೆ, ಮೆಣಸಿನಕಾಯಿ ನೀರು ಕುಡಿಸಿದರೆ ನಾಳ ತೆರೆಯುತ್ತದೆ, ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು ಅನ್ನುವುದೆಲ್ಲ ಸುಳ್ಳು. ಇದಕ್ಕೆ ಒಂದು ನಿಮಿಷವನ್ನೂ ಕೊಡಬೇಡಿ.

ಹಂತ 5: ಆಂಬ್ಯುಲೆನ್ಸೋ, ಕಾರೋ?

ಆಂಬ್ಯುಲೆನ್ಸೇ ಮೊದಲ ಆಯ್ಕೆ. ದಾರಿಯಲ್ಲಿ ಹೃದಯ ನಿಂತರೆ ಕೈಯಲ್ಲಿ ಸಾಧನ ಇರುವವರು ಅಲ್ಲಿರುತ್ತಾರೆ. ಆದರೆ ಸಂಜೆ ಆರು ಗಂಟೆಗೆ ಔಟರ್ ರಿಂಗ್ ರೋಡಿನಲ್ಲಿ, ಅಥವಾ ಊರಾಚೆಯ ಕಾರ್ಖಾನೆಯಲ್ಲಿ ಅದು ಬರುವುದು ತುಂಬಾ ತಡ ಅಂತ ಗೊತ್ತಾದರೆ, ಒಳ್ಳೆಯ ಆಸ್ಪತ್ರೆ ಹತ್ತಿರದಲ್ಲೇ ಇದ್ದರೆ, ಕಾರಿನಲ್ಲಿ ಹೊರಡುವುದೇ ಸರಿ. ಹೊರಟಿದ್ದನ್ನು 108ಕ್ಕೆ ತಿಳಿಸಿ. ಅವರೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ, ಬೈಕಿನ ಹಿಂದೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಒಬ್ಬರು ಓಡಿಸಲಿ, ಸಿಪಿಆರ್ ಗೊತ್ತಿರುವ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಜೊತೆಗಿರಲಿ. ದಾರಿಯಲ್ಲಿ ಉಸಿರು ನಿಂತರೆ ಕಾರು ನಿಲ್ಲಿಸಿ, ಕೆಳಗಿಳಿಸಿ, ರಸ್ತೆ ಬದಿಯಲ್ಲೇ ಮಲಗಿಸಿ ಸಿಪಿಆರ್ ಶುರು ಮಾಡಬೇಕು. ಮೆತ್ತನೆಯ ಸೀಟಿನ ಮೇಲೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಯಾವ ಆಸ್ಪತ್ರೆಗೆ? ಮೂಲೆಯ ಕ್ಲಿನಿಕ್ಕಿಗೆ ಹೋಗಿ ಟೋಕನ್ ತಗೊಂಡು ಕೂರಬೇಡಿ. 24 ಗಂಟೆ ಕ್ಯಾಥ್‌ಲ್ಯಾಬ್ ಇರುವ, ಅಂದರೆ ಮುಚ್ಚಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಹತ್ತಿರದಲ್ಲಿದ್ದರೆ ನೇರ ಅಲ್ಲಿಗೇ ಹೋಗಿ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆಗಳಿವೆ, ದೊಡ್ಡ ಊರುಗಳಲ್ಲಿ ಖಾಸಗಿಯವೂ ಸಾಕಷ್ಟಿವೆ.

ಅಂಥ ಆಸ್ಪತ್ರೆ ದೂರ ಇದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯೇ ಮೊದಲ ನಿಲ್ದಾಣ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ನೋಡುತ್ತಾರೆ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಸಾವಿರಾರು ರೂಪಾಯಿ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಹಾಗಿಲ್ಲದಿದ್ದರೆ ಈ ಇಂಜೆಕ್ಷನ್ ಮೊದಲು ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು ಸರಿಯಾದ ಕ್ರಮ. “ಇಲ್ಲಿ ಬೇಡ, ಬೆಂಗಳೂರಿಗೇ ಕರ್ಕೊಂಡು ಹೋಗ್ತೀವಿ” ಅಂತ ಡಾಕ್ಟರ ಮಾತು ಮೀರಿ ಹೊರಟುಬಿಡುವವರನ್ನು ದಯವಿಟ್ಟು ತಡೆಯಿರಿ. ದಾರಿಯುದ್ದಕ್ಕೂ ಸ್ನಾಯು ಸಾಯುತ್ತಲೇ ಇರುತ್ತದೆ.

ಕುಸಿದು ಬಿದ್ದರೆ

ಎರಡೂ ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರ ಇಲ್ಲ. ಎದೆ ಏರಿಳಿಯುತ್ತಿದೆಯಾ ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಉಸಿರು ಸಹಜವಾಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಕಣ್ಣಿಟ್ಟಿರಿ. ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್.

ಇಲ್ಲಿ ಅನೇಕರು ಮೋಸಹೋಗುವುದು ಒಂದು ಸದ್ದಿನಿಂದ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಾಯಿ ತೆರೆದು, ಗೊರಕೆಯಂಥ ಸದ್ದು ಮಾಡುತ್ತಾ, ಆಗೊಮ್ಮೆ ಈಗೊಮ್ಮೆ ಗಾಳಿ ಎಳೆದುಕೊಳ್ಳುತ್ತಾರೆ. ನಡುವೆ ಉದ್ದದ ಮೌನ. ಮತ್ತೊಂದು ಎಳೆತ. “ಉಸಿರಾಡ್ತಿದ್ದಾರೆ, ಬಿಡಿ” ಅಂತ ಸುತ್ತಲಿನವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಾಟ ಅಲ್ಲ. ಮೈಕೈ ಒಂದೆರಡು ಸಲ ಅದುರಬಹುದು, ಫಿಟ್ಸ್ ಅಂದುಕೊಂಡು ಕೈಗೆ ಬೀಗದಕೈ ಕೊಡಲು ಹೋಗುತ್ತಾರೆ. ಎಚ್ಚರ ಇಲ್ಲ, ಉಸಿರು ಸಹಜವಾಗಿಲ್ಲ ಅಂದರೆ ಸಿಪಿಆರ್. ನಾಡಿ ಹುಡುಕುತ್ತಾ ಕೂರಬೇಡಿ, ತರಬೇತಿ ಇಲ್ಲದವರಿಗೆ ಅದು ಸಿಗುವುದಿಲ್ಲ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಪಕ್ಕದಲ್ಲಿ ಮೊಣಕಾಲೂರಿ. ಒಂದು ಅಂಗೈಯ ಬುಡವನ್ನು ಎದೆಯ ನಟ್ಟನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಇಡಿ. ಇನ್ನೊಂದು ಕೈ ಅದರ ಮೇಲೆ, ಬೆರಳು ಹೆಣೆದಿರಲಿ. ಮೊಣಕೈ ಮಡಚಬೇಡಿ, ನಿಮ್ಮ ಭುಜ ನೇರ ಅವರ ಎದೆಯ ಮೇಲೆ ಬರಲಿ. ತೋಳಿನ ಬಲದಿಂದಲ್ಲ, ಮೈಭಾರದಿಂದ ಒತ್ತಿ. ಎದೆ 5 ರಿಂದ 6 ಸೆಂಟಿಮೀಟರ್ ಕೆಳಗೆ ಹೋಗಬೇಕು. ಇದು ನಾವು ಊಹಿಸುವುದಕ್ಕಿಂತ ಬಹಳ ಜಾಸ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ, ಆಗಲೇ ಹೃದಯದೊಳಗೆ ರಕ್ತ ತುಂಬುವುದು. ನಿಮಿಷಕ್ಕೆ 100 ರಿಂದ 120 ಸಲ, ಅಂದರೆ ಸೆಕೆಂಡಿಗೆ ಎರಡರ ಹತ್ತಿರ. ಜೋರಾಗಿ ಎಣಿಸಿಕೊಳ್ಳಿ.

ತರಬೇತಿ ಇದ್ದವರು 30 ಸಲ ಒತ್ತಿ 2 ಸಲ ಬಾಯಿಗೆ ಬಾಯಿಟ್ಟು ಉಸಿರು ಕೊಡಬಹುದು. ಇಲ್ಲದವರು ಒತ್ತುತ್ತಲೇ ಇದ್ದರೆ ಸಾಕು. ಜನಸಾಮಾನ್ಯರಿಗೆ ಭಾರತದ ಅರಿವಳಿಕೆ ತಜ್ಞರು ರೂಪಿಸಿದ ಕ್ರಮವೂ ಬರೀ ಎದೆ ಒತ್ತುವುದರದ್ದೇ. ಎರಡು ನಿಮಿಷದಲ್ಲಿ ಯಾರಿಗಾದರೂ ತೋಳು ಸೋಲುತ್ತದೆ, ಒತ್ತಡ ತೆಳುವಾಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಎದುರು ಬದಿಯಲ್ಲಿ ತಯಾರಾಗಿ ಕೂತಿರಲಿ, ಕೈ ಬದಲಾಗುವಾಗ ನಿಲ್ಲುವುದು ಒಂದೆರಡು ಸೆಕೆಂಡು ಮಾತ್ರ. ಒತ್ತುವಾಗ ಪಕ್ಕೆಲುಬು ಲಟಕ್ಕೆಂದ ಸದ್ದು ಬಂದರೂ ನಿಲ್ಲಿಸಬೇಡಿ. ಮೂಳೆ ಕೂಡುತ್ತದೆ. ಸಿಪಿಆರ್ ಇಲ್ಲದೆ ಹೋಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7 ರಿಂದ 10ರಷ್ಟು ಇಳಿಯುತ್ತದೆ.

ಎಇಡಿ ಬಂದ ಕೂಡಲೇ ಆನ್ ಮಾಡಿ. ಅದು ತಾನೇ ಮಾತಾಡಿ ದಾರಿ ಹೇಳುತ್ತದೆ. ಹೆಚ್ಚಿನವು ಇಂಗ್ಲಿಷಿನಲ್ಲೇ ಹೇಳುವುದರಿಂದ ಒಬ್ಬರು ಕೇಳಿಸಿಕೊಂಡು ಕನ್ನಡದಲ್ಲಿ ಕೂಗಿ ಹೇಳಲಿ. ಪ್ಯಾಡಿನ ಮೇಲೆ ಚಿತ್ರ ಇರುತ್ತದೆ: ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಬರಿ ಮೈಗೇ ಅಂಟಿಸಬೇಕು, ಬೆವರಿದ್ದರೆ ಟವೆಲ್ಲಿನಿಂದ ಒರೆಸಿ. ಯಂತ್ರ ದೂರ ನಿಲ್ಲಿ ಅಂದಾಗ ಯಾರೂ ಮುಟ್ಟಿರಬಾರದು. ಶಾಕ್ ಆದ ತಕ್ಷಣ ಮತ್ತೆ ಒತ್ತಲು ಶುರು. ಶಾಕ್ ಬೇಡದ ಕಡೆ ಅದು ಕೊಡುವುದೇ ಇಲ್ಲ, ಹಾಗಾಗಿ ಬಳಸಲು ಹೆದರಬೇಕಿಲ್ಲ.

ಬಿದ್ದವರು ಹೆಣ್ಣುಮಗಳಾದರೆ ಗಂಡಸರು ಹಿಂಜರಿಯುತ್ತಾರೆ. ಮುಟ್ಟುವುದು ಹೇಗೆ, ಬಟ್ಟೆ ಸರಿಸುವುದು ಹೇಗೆ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತಾರೆ. ಆ ಹಿಂಜರಿಕೆಯಿಂದ ಹೆಂಗಸರ ಜೀವ ಹೋಗಬಾರದು. ಎದೆ ಒತ್ತಲು ಬಟ್ಟೆ ತೆಗೆಯಬೇಕಾಗಿಲ್ಲ. ಎಇಡಿ ಪ್ಯಾಡಿಗೆ ಒಳಉಡುಪನ್ನೂ ಸರಿಸಬೇಕಾಗುತ್ತದೆ, ಅಗತ್ಯ ಬಿದ್ದರೆ ಕತ್ತರಿಸಬೇಕು. ನಾಲ್ಕೈದು ಸಹೋದ್ಯೋಗಿಗಳು ಬೆನ್ನು ತಿರುಗಿಸಿ ಸುತ್ತ ನಿಂತು ದುಪಟ್ಟವನ್ನೋ ಬೆಡ್‌ಶೀಟನ್ನೋ ಅಡ್ಡ ಹಿಡಿದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ.

ಅವರು ಕಣ್ಣು ಬಿಡುವ ತನಕ, ಉಸಿರಾಡುವ ತನಕ, ಅಥವಾ ಆಂಬ್ಯುಲೆನ್ಸಿನವರು ಬಂದು ವಹಿಸಿಕೊಳ್ಳುವ ತನಕ ನಿಲ್ಲಿಸಬೇಡಿ.

ಆಸ್ಪತ್ರೆಯಲ್ಲಿ

ನೇರ ತುರ್ತು ಚಿಕಿತ್ಸೆ ವಿಭಾಗಕ್ಕೆ ಹೋಗಿ, ಮೊದಲ ಮಾತೇ “ಎದೆನೋವು, ಇಸಿಜಿ ಬೇಕು” ಅನ್ನಿ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲೆಡೆ ಒಪ್ಪಿದ ಗುರಿ. ಶುರುವಾದ ಹೊತ್ತು, ಕೊಟ್ಟ ಮಾತ್ರೆ ಮತ್ತು ಪ್ರಮಾಣ, ದಿನಾ ತಗೊಳ್ಳುವ ಮಾತ್ರೆಗಳು, ಅಲರ್ಜಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಅವರ ಬ್ಯಾಗಿನಲ್ಲಿರುವ ಮಾತ್ರೆ ಹಾಳೆಗಳನ್ನೂ ಒಯ್ಯಿರಿ. ಮೊದಲ ಇಸಿಜಿ ನಾರ್ಮಲ್ ಬಂದರೂ ಅಷ್ಟಕ್ಕೇ ಮನೆಗೆ ಹೊರಡಬೇಡಿ. ಮತ್ತೊಮ್ಮೆ ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಆಗಬೇಕಾ ಎಂದು ಡಾಕ್ಟರನ್ನು ಕೇಳಿ.

ಒಬ್ಬರು ರೋಗಿಯ ಜೊತೆ, ಒಬ್ಬರು ಬಿಲ್ಲಿಂಗ್ ಹತ್ತಿರ. ದುಡ್ಡು ಕಟ್ಟದೆ ಮುಟ್ಟುವುದಿಲ್ಲ ಅಂದರೆ, ತುರ್ತಿನಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎರಡೂ ಕಡೆಯ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಅನ್ನುವುದನ್ನು ಶಾಂತವಾಗಿ ನೆನಪಿಸಿ. ಇನ್ಶೂರೆನ್ಸ್ ಕಾರ್ಡ್, ಇಎಸ್‌ಐ ನಂಬರನ್ನು ಎಚ್‌ಆರ್‌ನವರು ಆಫೀಸಿನಿಂದಲೇ ಕಳಿಸಲಿ.

ಮನೆಯವರಿಗೆ ಫೋನ್ ಮಾಡುವವರು ಒಬ್ಬರೇ ಇರಲಿ, ಅವರನ್ನು ಬಲ್ಲವರಾಗಿರಲಿ. “ಅಕ್ಕ, ನಾನು ಆಫೀಸಿಂದ. ಸರ್‌ಗೆ ಎದೆನೋವು ಬಂತು, ನಾವು ಇಂಥ ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ, ಡಾಕ್ಟರ್ ನೋಡ್ತಿದ್ದಾರೆ. ನೀವು ಒಬ್ರೇ ಗಾಡಿ ಓಡಿಸ್ಕೊಂಡು ಬರಬೇಡಿ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ.” ಸುಳ್ಳು ಹೇಳಬೇಡಿ, ಗೊತ್ತಿಲ್ಲದ್ದನ್ನು ಊಹಿಸಿಯೂ ಹೇಳಬೇಡಿ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕುವುದು ಮನೆಯವರಿಗೆ ತಿಳಿದ ಮೇಲೆಯೇ.

ಮನೆಯಿಂದ ಕೆಲಸ ಮಾಡುವ ಸಹೋದ್ಯೋಗಿ ವಿಡಿಯೋ ಕಾಲಿನಲ್ಲೇ ಅಸ್ವಸ್ಥರಾದರೆ ಕಾಲ್ ಕಟ್ ಮಾಡಬೇಡಿ. ಒಬ್ಬರು ಮಾತಾಡಿಸುತ್ತಿರಿ, ಬಾಗಿಲ ಚಿಲಕ ತೆಗೆದು ಅಲ್ಲೇ ಕೂರಲು ಹೇಳಿ. ಇನ್ನೊಬ್ಬರು ಅವರ ವಿಳಾಸ ಹಿಡಿದು ಆ ಊರಿನ 108ಕ್ಕೋ 112ಕ್ಕೋ ತಿಳಿಸುವ ದಾರಿ ನೋಡಲಿ, ಜೊತೆಗೆ ಪಕ್ಕದ ಮನೆಯವರಿಗೋ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಗೋ ಫೋನ್ ಮಾಡಲಿ.

ಈ ವಾರವೇ ಮಾಡಿಡಬಹುದಾದದ್ದು

2025ರ ಮಧ್ಯದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ಜನ ಗಾಬರಿಯಿಂದ ಸಾಲುಗಟ್ಟಿದ್ದರು. ಆ ಆತಂಕದ ಒಂದು ಪಾಲು ನಮ್ಮ ಕೆಲಸದ ಜಾಗದ ತಯಾರಿಗೆ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸುತ್ತದೆ.

ಪ್ರತಿ ಮಹಡಿಯ ಗೋಡೆ ಮೇಲೆ ಒಂದು ಹಾಳೆ ಅಂಟಿಸಿ: 108, ಹತ್ತಿರದ ಕ್ಯಾಥ್‌ಲ್ಯಾಬ್ ಆಸ್ಪತ್ರೆಯ ತುರ್ತು ನಂಬರ್, ಕಟ್ಟಡದ ಪೂರ್ತಿ ವಿಳಾಸ ಗೇಟ್ ಸಮೇತ. ಫಸ್ಟ್ ಏಡ್ ಬಾಕ್ಸಿನಲ್ಲಿ ಆಸ್ಪಿರಿನ್ ಇರಲಿ, ದಿನಾಂಕ ಮುಗಿದಿರದಿರಲಿ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಿಮ್ಮಲ್ಲಿ ಇದೆಯಾ, ಅದರ ಬೀಗದಕೈ ರಾತ್ರಿ ಯಾರ ಹತ್ತಿರ ಇರುತ್ತದೆ, ಕೇಳಿ. ಎಇಡಿ ಕೊಳ್ಳಲು ಮ್ಯಾನೇಜ್‌ಮೆಂಟನ್ನು ಒತ್ತಾಯಿಸಿ. ಕೊಂಡ ಮೇಲೆ ಕಪಾಟಿನಲ್ಲಿ ಬೀಗ ಹಾಕಿಡುವುದಲ್ಲ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇಟ್ಟು ಬ್ಯಾಟರಿ, ಪ್ಯಾಡ್ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು.

ಸಿಪಿಆರ್ ಓದಿ ಬರುವಂಥದ್ದಲ್ಲ, ಗೊಂಬೆಯ ಎದೆ ಒಮ್ಮೆಯಾದರೂ ಒತ್ತಿ ನೋಡಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಮತ್ತು ಅನೇಕ ಆಸ್ಪತ್ರೆಗಳು ತರಬೇತಿ ಕೊಡುತ್ತವೆ. ಎಚ್‌ಆರ್‌ನವರ ಜೊತೆ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಬ್ ಡ್ರೈವರುಗಳನ್ನೂ ಕೂರಿಸಿ. ರಾತ್ರಿ ಎರಡು ಗಂಟೆಗೆ ಎಚ್ಚರ ಇರುವವರು ಅವರೇ ಅಲ್ವಾ?

ಅವರು ಕೆಲಸಕ್ಕೆ ಮರಳಿದಾಗ

ಕೆಲವರು ಕೆಲವೇ ವಾರದಲ್ಲಿ ಬರುತ್ತಾರೆ, ಕೆಲವರಿಗೆ ತಿಂಗಳುಗಳೇ ಬೇಕು. ಅದನ್ನು ಡಾಕ್ಟರು ಹೇಳಲಿ, ಪ್ರಾಜೆಕ್ಟಿನ ಡೆಡ್‌ಲೈನ್ ಹೇಳುವುದು ಬೇಡ. ನಾಳ ತೆರೆದೇ ಇರಲೆಂದು ಒಳಗಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ನಡೆಸುತ್ತಾರೆ. ನಡುವೆ ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನಲ್ಲೇ ಹೆಪ್ಪು ಕಟ್ಟಬಹುದು. “ಅಷ್ಟು ಮಾತ್ರೆ ಯಾಕೆ ತಿಂತೀರಾ, ನಮ್ಮೂರಲ್ಲಿ ಒಬ್ರು ಔಷಧಿ ಕೊಡ್ತಾರೆ” ಅನ್ನುವ ಸಲಹೆ ಕ್ಯಾಂಟೀನಿನಲ್ಲಿ ಬಂದೇ ಬರುತ್ತದೆ, ಅಲ್ಲೇ ತಡೆಯಿರಿ. ಸಿಗರೇಟು ಬ್ರೇಕಿಗೆ ಅವರನ್ನು ಕರೆಯಬೇಡಿ, ಜೊತೆಗೆ ಕಾಫಿಗೆ ಕರೆಯುವುದನ್ನು ಮಾತ್ರ ಬಿಡಬೇಡಿ.

ಅಂದು ಎದೆ ಒತ್ತಿದವರನ್ನೂ ವಿಚಾರಿಸಿಕೊಳ್ಳಿ. ಉಳಿಸಲು ಆಗದೆ ಹೋದಾಗಂತೂ, ಇನ್ನೂ ಬೇಗ ಶುರು ಮಾಡಬೇಕಿತ್ತೇನೋ ಅಂತ ಅವರು ಒಳಗೇ ಕೊರಗುತ್ತಿರುತ್ತಾರೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಹೃದಯಸ್ತಂಭನದಲ್ಲಿ ಬಹಳ ಜನ ಉಳಿಯುವುದಿಲ್ಲ ಅನ್ನುವ ನಿಜವನ್ನು ಅವರಿಗೆ ಹೇಳಿ. ಒಂದೆರಡು ದಿನ ರಜೆ ಕೊಡಿಸಿ. ನಿದ್ದೆ ಬರುತ್ತಿಲ್ಲ ಅಂದರೆ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.